ಇಪ್ಪತ್ತೈದು ಔನ್ಸ್

ಶಿವಾಜಿನಗರ, ಬೆಂಗಳೂರು
2 ಸೆಪ್ಟೆಂಬರ್ 2024

ಪ್ರೀತಿಯ ಶೇಷಕ್ಕನಿಗೆ,

ಕುಲ್ಸುಂಳ ಸಲಾಮು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಿದ್ದರೆ ಅದು ನ್ಯಾಯವೇ. ಮೂರು ಸಲ ಪೆನ್ನು ಹಿಡಿದು ಕೂತೆ. ಮೂರು ಸಲವೂ ಇವರು ಕರೆದರು, ಎದ್ದು ಹೋದೆ, ಹೋದವಳು ಮತ್ತೆ ಬಂದು ಕೂರಲಿಲ್ಲ. ನಿನ್ನ ಕಿವಿ ಮೊದಲಿನ ಹಾಗಿದ್ದಿದ್ದರೆ ಫೋನಿನಲ್ಲೇ ಮಾತಾಡಿ ಮುಗಿಸುತ್ತಿದ್ದೆ. ಈಗ ನಿನಗೆ ಕೇಳಿಸುವಂತೆ ಕೂಗಿದರೆ ನಿಮ್ಮ ಲಿಂಗಸುಗೂರಿಗೆ ತಲುಪುವ ಮೊದಲು ನಮ್ಮ ಗಲ್ಲಿಗೆಲ್ಲ ಸುದ್ದಿ ತಲುಪುತ್ತದೆ. ಅದಕ್ಕೇ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಡಿಸ್ಪೆನ್ಸರಿಯಲ್ಲಿ ಔಷಧಿ ಬಾಟಲಿಗೆ ಚೀಟಿ ಬರೆಯುತ್ತಿದ್ದ ಹಾಗೆ. ಆ ಚೀಟಿಗಳನ್ನು ನೋಡಿಯೇ ಅಲ್ಲವೇ ನೀನು ಓದು ಕಲಿತದ್ದು.

ಮಾನಪ್ಪನ ಮನೆ ಕೆಲಸ ಮುಗಿಯಿತೇ? ಸೊಸೆ ರೇವತಿಗೆ ಈಗ ಎಷ್ಟು ತಿಂಗಳು? ಮಗನ ಮನೆಯಲ್ಲಿ ಸುಮ್ಮನೆ ಕೂರಲು ಬೇಜಾರು ಎಂದು ಬರೆದಿದ್ದೀಯ. ಸುಮ್ಮನೆ ಕೂರುವುದು ಎಂದರೆ ಏನೆಂದು ನನಗೆ ಮರೆತೇ ಹೋಗಿದೆ.

ಇವರ ವಿಷಯ ಹೇಳಬೇಕು. ಜೂನ್ ತಿಂಗಳಲ್ಲಿ ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು. ಪರೀಕ್ಷೆ ಮಾಡಿಸಿದರೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದರು. ಈಗ ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಬೆಳಗ್ಗೆ ಆಟೋದಲ್ಲಿ ಕರೆದುಕೊಂಡು ಹೋಗಿ ಮಧ್ಯಾಹ್ನ ಕರೆದುಕೊಂಡು ಬರುತ್ತೇನೆ. ಅದು ಕಷ್ಟವಲ್ಲ. ಕಷ್ಟ ನೀರಿನದು. ದಿನಕ್ಕೆ ಏಳುನೂರ ಐವತ್ತು ಮಿಲಿಲೀಟರ್, ಅಷ್ಟೇ. ನೀರು ಮಾತ್ರವಲ್ಲ, ಚಹಾ, ದಾಲು, ಗಂಜಿ, ಮಾತ್ರೆ ನುಂಗುವ ಗುಟುಕು, ಎಲ್ಲ ಸೇರಿ ಅಷ್ಟು. ಮಗಳು ನಾಜಿಶ್ ಕೆ.ಆರ್. ಪುರದಿಂದ ಬಂದು ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಲೋಟ ಕೊಟ್ಟುಹೋದಳು. ಪೊರೆ ಬಂದ ನನ್ನ ಕಣ್ಣಿಗೆ ಆ ಗೆರೆಗಳು ಕಾಣುವುದಿಲ್ಲ. ಕಂಡರೂ ಆ ಲೆಕ್ಕ ನನ್ನ ಕೈಗೆ ಹತ್ತುವುದಿಲ್ಲ. ಡಾಕ್ಟರಮ್ಮ ಡಿಸ್ಪೆನ್ಸರಿ ಮುಚ್ಚುವ ದಿನ ನನಗೆ ಕೊಟ್ಟ ಗಾಜಿನ ಔನ್ಸ್ ಗ್ಲಾಸನ್ನು ಪೆಟ್ಟಿಗೆಯಿಂದ ತೆಗೆದೆ. ಅದರ ಕೊರೆದ ಗೆರೆಗಳು ನನ್ನ ಬೆರಳಿಗೇ ಸಿಗುತ್ತವೆ. ಒಂದು ಔನ್ಸ್ ಎಂದರೆ ಮೂವತ್ತು ಮಿಲಿ. ಹಾಗಾದರೆ ದಿನಕ್ಕೆ ಇಪ್ಪತ್ತೈದು ಔನ್ಸ್. ಇದು ನನಗೆ ಅರ್ಥವಾಗುವ ಭಾಷೆ.

ನೆನಪಿದೆಯೇ, ಡಿಸ್ಪೆನ್ಸರಿ ಇದ್ದ ಕಾಕ್ಸ್ ಟೌನ್‌ನಲ್ಲಿ ಕೆಮ್ಮಿನ ಮಿಕ್ಸ್‌ಚರ್ ತುಂಬಿದ ಬಾಟಲಿಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದೆವು. ಒಂದು ಹೊತ್ತಿಗೆ ಒಂದು ಗುರುತು ಇಳಿಯಬೇಕು. ಎರಡು ಚಮಚ ಎಂದರೆ ಮರ್ಫಿ ಟೌನ್‌ನ ಆ ಹೆಂಗಸು ಹುಳಿ ಬಡಿಸುವ ಸೌಟಿನಲ್ಲಿ ಎರಡು ಸಲ ಕುಡಿಸಿ, ಮಗು ಒಂದು ಹಗಲೆಲ್ಲ ಕಣ್ಣು ಬಿಡದೆ ಮಲಗಿತ್ತು. ಆಮೇಲೆ ನೀನೇ ಒಂದು ಉಪಾಯ ಹೇಳಿದೆ: "ಅವರವರ ಮನೀ ಚಮಚ ಅವರೇ ತರ್ಲಿ, ನೀ ಅಳದು ಹೇಳು." ಅಂದಿನಿಂದ ಜನ ಚಮಚ, ಕೂಸಿಗೆ ಹಾಲು ಹಾಕುವ ಒಳಲೆ, ತುಪ್ಪದ ಮಿಳ್ಳೆ, ಹಿತ್ತಾಳೆಯ ಚಟಾಕು ಎಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಔನ್ಸ್ ಗ್ಲಾಸಿಗೆ ಸುರಿದು ನೋಡಿ, ನಿಮ್ಮದರಲ್ಲಿ ಅರ್ಧ, ನಿಮ್ಮದರಲ್ಲಿ ಒಂದೂವರೆ ಎಂದು ಹೇಳುತ್ತಿದ್ದೆ. ಇಪ್ಪತ್ತಾರು ವರ್ಷ ನಾನು ಕಂಪೌಂಡರ್, ನೀನು ಆಯಾ. ನನ್ನ ಅಳತೆ ತಪ್ಪಿ ಒಬ್ಬರಿಗೂ ತೊಂದರೆಯಾಗಲಿಲ್ಲ.

ಇವರಿಗೋ ಬಾಯಾರಿಕೆ ತಡೆಯಲಾಗುವುದಿಲ್ಲ. ನಲವತ್ತು ವರ್ಷ ಗ್ಯಾರೇಜಿನಲ್ಲಿ ಬೆಂಕಿಯ ಮುಂದೆ ಕೂತು ಲಾರಿ ರೇಡಿಯೇಟರ್ ಬೆಸುಗೆ ಹಾಕಿದವರು. ಮಧ್ಯಾಹ್ನದೊಳಗೆ ಒಂದು ಬಿಂದಿಗೆ ಖಾಲಿ ಮಾಡುತ್ತಿದ್ದರು. ಅಂಥವರಿಗೆ ನಾನು ಔನ್ಸ್ ಗ್ಲಾಸಿನಲ್ಲಿ ನೀರು ಕೊಡುತ್ತೇನೆ. ಕುಡಿದು ಗ್ಲಾಸಿನ ಅಂಚನ್ನು ನೆಕ್ಕುತ್ತಾರೆ. ನೋಡಲಾಗದೆ ಆ ಕಡೆ ತಿರುಗುತ್ತೇನೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಶುಕ್ರವಾರಕ್ಕೊಮ್ಮೆ ಮಸೀದಿ ಕಾಣುತ್ತಿದ್ದ ಮನುಷ್ಯ ಈಗ ಐದು ಹೊತ್ತೂ ನಮಾಜಿಗೆ ಹೋಗುತ್ತಾರೆ. ಕೋಲು ಹಿಡಿದು ತಾವೇ ನಡೆದು ಹೋಗಿ ಬರುತ್ತಾರೆ, ಬಂದಾಗ ಮುಖ ತಂಪಾಗಿರುತ್ತದೆ. ಕಾಯಿಲೆಯಾದರೂ ಅಲ್ಲಾಹ್ ಅವರ ಮನಸ್ಸನ್ನು ತನ್ನ ಕಡೆಗೆ ತಿರುಗಿಸಿದನಲ್ಲ ಎಂದು ನೆಮ್ಮದಿ. ಅವರು ಹೋಗಿ ಬರುವ ಅರ್ಧ ಗಂಟೆ ನಾನು ಹೊಸ್ತಿಲಲ್ಲಿ ಕಾಲು ಚಾಚಿ ಕೂರುತ್ತೇನೆ.

ರೇವತಿಗೆ ನನ್ನ ದುವಾ ಹೇಳು. ಹೆರಿಗೆ ಸುಖವಾಗಿ ಆಗಲಿ.

ನಿನ್ನ
ಕುಲ್ಸುಂ

ಮರೆತಿದ್ದೆ. ಮೊನ್ನೆ ಡಯಾಲಿಸಿಸ್ ಸಿಸ್ಟರ್ ಇವರನ್ನು ತೂಕ ಮಾಡಿ, ಮೂರೂವರೆ ಕಿಲೋ ಏರಿದೆ ಎಂದರು. ಅಷ್ಟೂ ನೀರು. "ಮನೇಲಿ ಸರಿಯಾಗಿ ಅಳೆದು ಕೊಡ್ತಿದ್ದೀರಾ ಅಮ್ಮ?" ಎಂದು ಎಲ್ಲರ ಮುಂದೆ ಕೇಳಿದರು. ನನ್ನನ್ನು, ಶೇಷಕ್ಕ. ಅಂದಿನಿಂದ ಊಟ ರುಚಿಸುತ್ತಿಲ್ಲ.

---

ಶಿವಾಜಿನಗರ
25 ನವೆಂಬರ್ 2024

ಶೇಷಕ್ಕ,

ದೊಡ್ಡನೆಕ್ಕುಂದಿಯಲ್ಲಿ ಕೆಲಸಕ್ಕಿರುವ ನಿನ್ನ ತಂಗಿಯ ಮಗ ಲಕ್ಷ್ಮಿಕಾಂತ ಭಾನುವಾರ ಬಂದು ನಿನ್ನ ಕಾಗದವನ್ನೂ ಜೋಳದ ರೊಟ್ಟಿಯ ಗಂಟನ್ನೂ ಕೊಟ್ಟುಹೋದ. ಅಳೆಯದೆ ಕೊಡಬಹುದಾದ ಪದಾರ್ಥ ಈ ಮನೆಗೆ ಬಂದದ್ದು ಬಹಳ ದಿನಗಳ ಮೇಲೆ. ಇವರು ಒಂದು ರೊಟ್ಟಿ ತಿಂದು, ಗಂಟಲು ಒಣಗಿತು ನೀರು ಕೊಡು ಎಂದು ಜಗಳ ತೆಗೆದರು. ಉಳಿದದ್ದನ್ನು ನಾನೇ ತಿಂದೆ. ರುಚಿಯಾಗಿತ್ತು.

ಇಷ್ಟು ದಿನ ಬರೆಯದಿದ್ದದ್ದಕ್ಕೆ ಕಾರಣವಿದೆ. ನಾಚಿಕೆ. ತೂಕ ಪ್ರತಿ ಸಲವೂ ಏರುತ್ತಿತ್ತು. ಮೂರು ಕಿಲೋ, ಮೂರೂವರೆ, ಒಂದು ಮಂಗಳವಾರ ನಾಲ್ಕು. ಸಿಸ್ಟರ್ ಕೇಳುವುದನ್ನು ಬಿಟ್ಟು ಸುಮ್ಮನೆ ನನ್ನ ಮುಖ ನೋಡಲು ಶುರು ಮಾಡಿದರು. ನಾನು ಇಪ್ಪತ್ತೈದನ್ನು ಇಪ್ಪತ್ತಮೂರಕ್ಕೆ ಇಳಿಸಿದೆ. ಚಹಾಕ್ಕೆ ಬದಲು ಶುಂಠಿ ಚೂರು ಬಾಯಲ್ಲಿಟ್ಟುಕೊಳ್ಳಿ ಎಂದೆ. ಆದರೂ ಏರಿತು. ನನ್ನ ಗ್ಲಾಸಿನ ಮೇಲೆಯೇ ಅನುಮಾನ ಬಂತು. ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ ಸಿರಿಂಜ್ ತಂದು ಹತ್ತು ಹತ್ತರಂತೆ ತುಂಬಿಸಿ ನೋಡಿದೆ. ಗ್ಲಾಸು ಸರಿಯಾಗಿತ್ತು.

ಆಮೇಲೆ ನಾಜಿಶ್ ಮೇಲೆ ಅನುಮಾನ. ಅಪ್ಪನೆಂದರೆ ಜೀವ ಬಿಡುವವಳು, ನಾನು ಒಲೆಯ ಮುಂದಿರುವಾಗ ಕದ್ದು ಕುಡಿಸುತ್ತಿದ್ದಾಳೆ ಎಂದುಕೊಂಡೆ. ಅಂದೇಬಿಟ್ಟೆ. ಅವಳು ಬುರ್ಖಾ ಹಾಕಿಕೊಂಡು ಹೊರಟುಹೋದಳು. ಮೂರು ವಾರ ಬರಲಿಲ್ಲ. ಫೋನ್ ಮಾಡಿದರೆ, ಅಬ್ಬಾ ಹೇಗಿದ್ದಾರೆ ಎಂದಷ್ಟೇ ಕೇಳುತ್ತಿದ್ದಳು.

ಎರಡು ವಾರದ ಹಿಂದೆ ಗುರುವಾರ ಅಹ್ಮದ್ ಪಾಷಾ ಬಾಗಿಲಿಗೆ ಬಂದ. ನಿನಗೆ ಅವನು ಗೊತ್ತಿಲ್ಲ. ಇವರ ಜೊತೆ ಗ್ಯಾರೇಜಿನಲ್ಲಿದ್ದವನು, ಈಗ ಮಸೀದಿಯಲ್ಲಿ ವಜೂ ಮಾಡುವ ತೊಟ್ಟಿಯನ್ನು ನೋಡಿಕೊಳ್ಳುತ್ತಾನೆ. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ಬಾಯಿ ಮುಕ್ಕಳಿಸುತ್ತೇವಲ್ಲ, ಅದು ವಜೂ. ಒಳಗೆ ಬಾ ಎಂದರೆ ಬರಲಿಲ್ಲ. ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ.

"ಆಪಾ, ತಪ್ಪು ತಿಳ್ಕೋಬೇಡಿ. ಹೇಳ್ಬೇಕೋ ಬೇಡ್ವೋ ಅಂತ ಎರಡು ವಾರದಿಂದ ಯೋಚನೆ ಮಾಡ್ತಿದ್ದೀನಿ. ನಮ್ಮ ಅಸ್ಗರ್ ಭಾಯಿ ವಜೂ ಮಾಡುವಾಗ ಬಾಯಿಗೆ ನೀರು ಹಾಕ್ಕೊಳ್ತಾರೆ. ಆದ್ರೆ ಉಗಿಯಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಳಗೆ ಹೋಗಿ ಔನ್ಸ್ ಗ್ಲಾಸು ತೊಳೆದಿಟ್ಟೆ.

ಇವರು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ಮಂಚದ ಮೇಲೆ ಕೂತರು. ನಾನು ಜಗ್ಗಿನಲ್ಲಿ ನೀರು, ಒಂದು ಬಟ್ಟಲು, ಔನ್ಸ್ ಗ್ಲಾಸು ತಂದು ಮುಂದಿಟ್ಟೆ. ಮಸೀದಿಯಲ್ಲಿ ಹೇಗೆ ತಗೊಳ್ತೀರೋ ಹಾಗೆ ಒಂದು ಸಲ ಬಾಯಿಗೆ ಹಾಕಿಕೊಳ್ಳಿ ಎಂದೆ. ಅವರು ನನ್ನನ್ನೂ ಗ್ಲಾಸನ್ನೂ ನೋಡಿದರು. ಅಂಗೈಗೆ ನೀರು ಸುರಿದುಕೊಂಡು ಬಾಯಿಗೆ ಹಾಕಿಕೊಂಡರು. ನಾನು ಬಟ್ಟಲು ಹಿಡಿದೆ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದು ಆಮೇಲೆ ಉಗಿದರು. ಅದನ್ನು ಗ್ಲಾಸಿಗೆ ಸುರಿದೆ. ಒಂದು ಔನ್ಸ್, ಮೇಲೆ ನಾಲ್ಕು ಹನಿ. ಹೊತ್ತಿಗೆ ಮೂರು ಸಲ, ದಿನಕ್ಕೆ ಐದು ಹೊತ್ತು. ಹದಿನೈದು ಔನ್ಸ್.

ಶೇಷಕ್ಕ, ಆಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಮರುಕವೂ ಅಲ್ಲ. ನನ್ನ ಅಳತೆ ತಪ್ಪಿರಲಿಲ್ಲ ಎಂಬ ಸಮಾಧಾನ. ಎದುರಿಗೆ ಮನುಷ್ಯ ತಲೆ ತಗ್ಗಿಸಿ ಕೂತಿದ್ದಾರೆ, ಗಡ್ಡದಿಂದ ನೀರು ತೊಟ್ಟಿಕ್ಕುತ್ತಿದೆ, ನನಗೆ ಸಮಾಧಾನ.

ಹಾಗಾದರೆ ನಮಾಜೂ ಸುಳ್ಳೇ ಎಂದು ಕೇಳಿದೆ. ಕೇಳಬಾರದಿತ್ತು. ನಮ್ಮ ಉರ್ದು ಮಾತಿನಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಮೊದಲ ಹದಿನೈದು ದಿನ ನೀರಿಗೇ ಹೋದೆ, ಕುಲ್ಸುಂ. ಆಮೇಲೆ ಎರಡಕ್ಕೂ ಹೋದೆ. ಈಗ ಯಾವುದು ಎಷ್ಟು ಅಂತ ನನಗೇ ಗೊತ್ತಿಲ್ಲ."

ಮರುದಿನ ಅಹ್ಮದ್ ಪಾಷಾನ ಮೂಲಕ ಇಮಾಮರನ್ನು ಕೇಳಿಸಿದೆ. ನೀರಿನಿಂದ ಅಪಾಯವಿರುವ ರೋಗಿ ಶುದ್ಧವಾದ ಮಣ್ಣು ಮುಟ್ಟಿ ಕೈ ಮುಖ ಸವರಿಕೊಂಡರೆ ಸಾಕು, ಕುರ್ಚಿಯ ಮೇಲೆ ಕೂತು ಮನೆಯಲ್ಲೇ ಓದಬಹುದು ಎಂದು ಹೇಳಿ ಕಳಿಸಿದರು. ನಾಜಿಶ್‌ಗೆ ಫೋನ್ ಮಾಡಿ ಎಲ್ಲ ಹೇಳಿ ತಪ್ಪಾಯಿತು ಎಂದೆ. ಅವಳು ಅಂದೇ ಸಂಜೆ ಒಂದು ತಟ್ಟೆಯಲ್ಲಿ ಒಣ ಮಣ್ಣು ಜರಡಿ ಹಿಡಿದು ತಂದಳು. ಈಗ ಇವರು ಮಸೀದಿಗೆ ಹೋಗುವುದಿಲ್ಲ. ಐದು ಹೊತ್ತೂ ತಟ್ಟೆಯ ಮಣ್ಣು ಮುಟ್ಟುತ್ತಾರೆ. ಹೊಸ್ತಿಲಲ್ಲಿ ಕೂರುವ ನನ್ನ ಅರ್ಧ ಗಂಟೆಯೂ ಹೋಯಿತು.

ಅಳತೆಯನ್ನು ಮತ್ತೆ ಇಪ್ಪತ್ತೈದಕ್ಕೆ ತಂದೆ. ತೂಕದಲ್ಲಿ ಫಲ ಕಂಡಿತು. ಈ ಸಲ ಎರಡು ಕಿಲೋಗಿಂತ ಕಡಿಮೆ. ಸಿಸ್ಟರ್ ನನ್ನ ಭುಜ ತಟ್ಟಿ, ಎಲ್ಲ ಮನೆಯವರೂ ನಿಮ್ಮ ಹಾಗಿದ್ದರೆ ನಮ್ಮ ಕೆಲಸ ಅರ್ಧ ಕಡಿಮೆ ಎಂದರು. ಇವರು ಗೋಡೆಯ ಕಡೆ ತಿರುಗಿ ಮಲಗಿದ್ದರು.

ಮನೆಯಲ್ಲಿ ಈಗ ಒಂದೇ ಮಾತು. "ಎಷ್ಟಾಯ್ತು?" ಎನ್ನುತ್ತಾರೆ. ಗಂಟೆಯಲ್ಲ, ಔನ್ಸ್. ನಾನು, ಹದಿನಾಲ್ಕು ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಮತ್ತೆ ಎಷ್ಟಾಯ್ತು. ಅದೇ ಹದಿನಾಲ್ಕು. ಹೀಗೆ ದಿನಕ್ಕೆ ಮೂವತ್ತು ನಲವತ್ತು ಸಲ. ನಲವತ್ತೊಂದು ವರ್ಷದ ಸಂಸಾರದಲ್ಲಿ ಇವರು ನನ್ನನ್ನು ಇಷ್ಟು ಸಲ ಏನನ್ನೂ ಕೇಳಿದವರಲ್ಲ.

ಕೈಬೆರಳು ಸೆಟೆದುಕೊಳ್ಳುತ್ತಿವೆ, ಇಲ್ಲಿಗೆ ನಿಲ್ಲಿಸುತ್ತೇನೆ. ರೇವತಿಗೆ ದಿನ ಹತ್ತಿರವಾಗಿರಬೇಕು. ನೀನು ಹತ್ತಿರವಿದ್ದೀಯಲ್ಲ, ಅವಳಿಗೆ ಭಯವಿಲ್ಲ.

ನಿನ್ನ
ಕುಲ್ಸುಂ

---

ಶಿವಾಜಿನಗರ
24 ಫೆಬ್ರುವರಿ 2025

ಪ್ರೀತಿಯ ಶೇಷಕ್ಕ,

ಲಕ್ಷ್ಮಿಕಾಂತ ನಿನಗೆ ಸುದ್ದಿ ಮುಟ್ಟಿಸಿದನೆಂದು ನಾಜಿಶ್ ಹೇಳಿದಳು. ನಾನೇ ಬರೆಯಬೇಕಿತ್ತು. ಐದು ವಾರ ಕಳೆದವು. ಕ್ಷಮಿಸು. ಮಾನಪ್ಪನಿಗೆ ಗಂಡು ಮಗುವೆಂದು ಕೇಳಿ, ಅಷ್ಟೊಂದು ಅಳುವಿನ ಮಧ್ಯೆಯೂ ನನ್ನ ಬಾಯಲ್ಲಿ ಅಲ್ಲಾಹನಿಗೆ ಶುಕ್ರ್ ಬಂತು. ಮಗು ನೂರು ವರ್ಷ ಬಾಳಲಿ. ಒಳಲೆಯಲ್ಲಿ ಏನಾದರೂ ಹಾಕುವ ಮುಂಚೆ ಡಾಕ್ಟರನ್ನು ಕೇಳು. ನಮ್ಮ ಕಾಲದ ಹಾಗೆ ಊರ ಹೆಂಗಸರೆಲ್ಲ ಹೇಳಿದ್ದನ್ನು ತೇಯ್ದು ಹಾಕಬೇಡ.

ಇವರು ಹೋದದ್ದು ಜನವರಿ ಇಪ್ಪತ್ತು, ಸೋಮವಾರ. ಬೆಳಗಿನ ನಮಾಜು ಕುರ್ಚಿಯ ಮೇಲೆ ಓದಿದರು. ಸಲಾಮು ಹೇಳಿ ತಲೆ ಆ ಕಡೆ ಈ ಕಡೆ ತಿರುಗಿಸುವಾಗಲೇ ಉಸಿರು ಎಳೆಯುತ್ತಿತ್ತು. ಮಲಗಿಸಿದರೆ ಮಲಗಲಾರರು, ಎದೆಯಲ್ಲಿ ಅನ್ನ ಕುದಿಯುವ ಹಾಗೆ ಸದ್ದು. ಹಿಂದಿನ ದಿನ ಬಂದು ಉಳಿದಿದ್ದ ನಾಜಿಶ್ ಆಟೋ ತಂದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದರು. ಆಸ್ಪತ್ರೆಯಲ್ಲಿ ಇದ್ದವನು ಚಿಕ್ಕ ವಯಸ್ಸಿನ ಡಾಕ್ಟರು. ಮೃದುವಾಗಿ ಮಾತಾಡಿಸಿದ. ಇದು ಹೃದಯದ ತೊಂದರೆ ಇರಬಹುದು ಎಂದು ಅದರ ಪರೀಕ್ಷೆಗಳನ್ನು ಮೊದಲು ಮಾಡಿಸಿದ. ಡಯಾಲಿಸಿಸ್ ಯಂತ್ರ ಹಚ್ಚಬೇಕೆಂದು ತೀರ್ಮಾನಿಸುವಷ್ಟರಲ್ಲಿ ಹತ್ತೂವರೆಯಾಗಿತ್ತು. ಮಂಚ ತಳ್ಳಿಕೊಂಡು ಹೋಗುವಾಗಲೇ ಉಸಿರು ನಿಂತಿತು. ಅಸರ್ ಆದಮೇಲೆ ಮಣ್ಣು ಮಾಡಿದರು. ಅಹ್ಮದ್ ಪಾಷಾ ಹೆಗಲು ಕೊಟ್ಟವನು ಕೊನೆಯವರೆಗೂ ಬದಲಾಯಿಸಿಕೊಳ್ಳಲಿಲ್ಲವಂತೆ.

ಬಂದವರೆಲ್ಲ ಒಂದೇ ಹೇಳುತ್ತಾರೆ. ನಮಾಜು ಓದಿ ಹೋದರು, ಪುಣ್ಯವಂತರು ಎನ್ನುತ್ತಾರೆ. ನೀವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡಿರಿ ಎನ್ನುತ್ತಾರೆ. ಡಯಾಲಿಸಿಸ್ ಸಿಸ್ಟರ್ ಕೂಡ ಡ್ಯೂಟಿ ಮುಗಿಸಿ ಮನೆ ಹುಡುಕಿಕೊಂಡು ಬಂದು ಒಂದು ಗಂಟೆ ಕೂತುಹೋದರು. ನಾನು ತಲೆಯಾಡಿಸುತ್ತೇನೆ.

ಮೇ ಕೊನೆಯವರೆಗೆ ನಾನು, ಗಂಡ ಹೋದವಳು ಪಾಲಿಸುವ ಇದ್ದತ್‌ನಲ್ಲಿ ಮನೆಯೊಳಗೇ ಇರಬೇಕು. ಅದರ ಬಗ್ಗೆ ದೂರಿಲ್ಲ. ಹೊರಗೆ ಹೋಗಿ ಮಾಡುವುದಾದರೂ ಏನು? ಆದರೆ ಕೈಗೆ ಕೆಲಸವಿಲ್ಲ. ಮಾತ್ರೆಯ ಹೊತ್ತಿಗೆ ಎದ್ದು ನಿಲ್ಲುತ್ತೇನೆ, ನಿಂತ ಮೇಲೆ ನೆನಪಾಗುತ್ತದೆ. ಬಾಯಾರಿದರೆ ನೀರು ಕುಡಿಯುವುದನ್ನೂ ಮುಂದಕ್ಕೆ ಹಾಕುತ್ತೇನೆ, ಯಾಕೆಂದು ಗೊತ್ತಿಲ್ಲ. ನಾಜಿಶ್ ಗದರಿಸಿ ಕುಡಿಸುತ್ತಾಳೆ. ಮುಂದಿನ ವಾರ ರಂಜಾನ್ ಶುರುವಾಗುತ್ತದೆ. ಈ ವರ್ಷ ನೀನು ಉಪವಾಸ ಇರಬೇಡ ಅಮ್ಮಿ ಎನ್ನುತ್ತಿದ್ದಾಳೆ. ನೋಡಬೇಕು.

ನಿನ್ನ ಕಾಲು ನೋವಿಗೆ ಬಿಸಿ ಎಣ್ಣೆ ತಿಕ್ಕಿಸಿಕೊ. ಮಾನಪ್ಪನಿಗೆ, ರೇವತಿಗೆ, ಹೊಸ ಕೂಸಿಗೆ ನನ್ನ ಆಶೀರ್ವಾದ. ನಿನ್ನ ಮನೆಯಲ್ಲಿ ನಗು ಇರಲಿ.

ನಿನ್ನ
ಕುಲ್ಸುಂ

ಇದು ಬೇರೆ ಹಾಳೆ. ನಾಲ್ಕಾಗಿ ಮಡಿಸಿ ಅಂಟು ಹಾಕಿದ್ದೇನೆ. ನೀನೊಬ್ಬಳೇ ಇರುವಾಗ ಓದು. ಯಾವುದಾದರೂ ಅಕ್ಷರ ತಿಳಿಯದಿದ್ದರೆ ರೇವತಿಗೆ ತೋರಿಸಿ ಕೇಳಬೇಡ, ಬಿಟ್ಟು ಮುಂದೆ ಓದು.

ಭಾನುವಾರ, ಅಂದರೆ ಅವರು ಹೋಗುವ ಹಿಂದಿನ ದಿನ, ಮಧ್ಯಾಹ್ನದ ನಮಾಜು ಆಗಿತ್ತು. ನಾಜಿಶ್ ಇನ್ನೂ ಬಂದಿರಲಿಲ್ಲ. ಹದಿನಾಲ್ಕು ಔನ್ಸ್ ಮುಗಿದಿತ್ತು, ಹನ್ನೊಂದು ಉಳಿದಿತ್ತು. ನೀರು ಕೇಳಿದರು. ಅಸರ್ ಹೊತ್ತಿಗೆ ಕೊಡುತ್ತೇನೆ ಎಂದೆ. ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ನಾನೂ ಗಟ್ಟಿಯಾಗುತ್ತಿದ್ದೆ. ನನ್ನ ಮುಖ ನೋಡಿ, "ನಿನಗೂ ಸಾಕಾಗಿದೆ, ಅಲ್ವಾ?" ಎಂದರು.

ನಾನು ಅಡುಗೆಮನೆಗೆ ಹೋಗಿ ದೊಡ್ಡ ಚೊಂಬನ್ನು ಮಡಕೆಯಲ್ಲಿ ಅದ್ದಿ ಅಂಚಿನವರೆಗೆ ತುಂಬಿಸಿ ತಂದು ಕೈಗೆ ಕೊಟ್ಟೆ. "ಪೂರ್ತಿನಾ?" ಎಂದು ಕೇಳಿದರು. ಪೂರ್ತಿ ಎಂದೆ. ಬಿಸ್ಮಿಲ್ಲಾ ಹೇಳಿ ಕುಡಿದರು. ಖಾಲಿಯಾದ ಮೇಲೆ ಚೊಂಬನ್ನು ಚಾಚಿದರು. ಮತ್ತೆ ತುಂಬಿಸಿದೆ. ಮೂರನೆಯ ಸಲವೂ ತುಂಬಿಸಿದೆ, ಅದರಲ್ಲಿ ಅರ್ಧ ಉಳಿಸಿದರು ಅನಿಸುತ್ತದೆ. ಅಳೆಯಲಿಲ್ಲ.

ಆಸ್ಪತ್ರೆಯಲ್ಲಿ ಆ ಡಾಕ್ಟರು, ನಿನ್ನೆ ಎಷ್ಟು ನೀರು ಕುಡಿದರು ಎಂದು ಕೇಳಿದ. ಇಪ್ಪತ್ತೈದು ಔನ್ಸ್ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಾಜಿಶ್, "ಏಳುನೂರ ಐವತ್ತು ಸರ್, ನಮ್ಮಮ್ಮಿ ಕಂಪೌಂಡರ್ ಆಗಿದ್ರು, ಒಂದು ಹನಿ ಆಚೀಚೆ ಆಗಲ್ಲ" ಎಂದಳು. ಅವನು ಬರೆದುಕೊಂಡು ಹೃದಯದ ಕಡೆ ಹೋದ. ನಿಜ ಹೇಳಿದ್ದರೆ ಯಂತ್ರವನ್ನು ಎರಡು ಗಂಟೆ ಮೊದಲು ಹಚ್ಚುತ್ತಿದ್ದರೇನೋ. ಹೇಳಲು ಬಾಯಿ ತೆರೆದೆ. ಪಕ್ಕದಲ್ಲಿ ನಾಜಿಶ್ ಇದ್ದಳು. ಸುಮ್ಮನಾದೆ.

ಮರುಕದಿಂದ ಕೊಟ್ಟೆ ಎಂದು ನೀನು ಹೇಳುತ್ತೀಯ. ನನಗೂ ಹಾಗೆ ಹೇಳಿಕೊಳ್ಳಬೇಕೆಂದಿದೆ. ಆದರೆ ಆ ಹೊತ್ತಿನಲ್ಲಿ ನನ್ನೊಳಗೆ ಮರುಕವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ದಣಿದಿದ್ದೆ. ಅದು ಮಾತ್ರ ಗೊತ್ತು.

ಕುಡಿದ ಮೇಲೆ ಅವರು ಅಲ್ಹಮ್ದುಲಿಲ್ಲಾ ಎಂದು ಮಲಗಿದರು. ಎಷ್ಟಾಯ್ತು ಎಂದು ಕೇಳಲಿಲ್ಲ. ನಾನೂ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದೆ. ಎರಡು ಗಂಟೆ ನಿದ್ದೆ ಬಂತು. ಏಳು ತಿಂಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲ, ಶೇಷಕ್ಕ. ಎದ್ದಾಗ ಮೈ ಹಗುರವಾಗಿತ್ತು, ಬಿಸಿಲು ಹಿತವಾಗಿತ್ತು. ಅದನ್ನು ಯಾರಿಗೂ ಹೇಳಲಾಗುತ್ತಿಲ್ಲ.